ಬಸವನಹುಳುಗಳ ಜನನ ದಾಖಲೆ

ಜನನ-ಮರಣ ನೋಂದಣಿ ಕಚೇರಿಯ ಗುಮಾಸ್ತರಿಗೆ ಈ ಜಗತ್ತಿನ ಮೇಲೆ ಇದ್ದದ್ದು ಒಂದೇ ದೂರು: ಅವರ ಮನೆಯ ಬಸವನಹುಳುಗಳು ಮೊಟ್ಟೆ ಇಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಂಡವರ ಮಕ್ಕಳನ್ನೆಲ್ಲ ಬರೆದುಕೊಂಡ ಕೈ ಅದು. ನಡುಮನೆಯ ಗಾಜಿನ ತೊಟ್ಟಿಯಲ್ಲಿ, ಉಪ್ಪುನೀರಿನಲ್ಲಿ, ಮೂರು ವರ್ಷದಿಂದ ಓಡಾಡುತ್ತಿದ್ದ (ಓಡಾಟ ಎಂಬುದು ದೊಡ್ಡ ಮಾತು) ಏಳು ಕಡಲ ಬಸವನಹುಳುಗಳು ಮಾತ್ರ ಆ ಕೈಗೆ ಜನನದ ಒಂದು ಸಾಲಿನ ಕೆಲಸವನ್ನೂ ಕೊಟ್ಟಿರಲಿಲ್ಲ.

ಅದಕ್ಕೆಂದೇ ಒಂದು ಪುಸ್ತಕವೇನೋ ಸಿದ್ಧವಿತ್ತು. ನೀರಿನ ಬಿಸಿ, ಉಪ್ಪು, ಹುಳುಗಳ ಚಿತ್ತಸ್ಥಿತಿ ಎಲ್ಲವೂ ದಿನಕ್ಕೆರಡು ಸಲ ಅದಕ್ಕೆ ಏರುತ್ತಿದ್ದವು. ವಾರಕ್ಕೊಮ್ಮೆ ನೀರು ಬದಲಿಸುವಾಗ ಹೊಸ ನೀರನ್ನು ಬಾಣಂತಿ ಮನೆಯ ಹದಕ್ಕೆ ಕಾಯಿಸಿ, ಲೋಟ ಲೋಟವಾಗಿ ಸುರಿಯುತ್ತಿದ್ದರು. ಒಂದು ನಿಯಮವಂತೂ ಕಚೇರಿಯಲ್ಲೂ ಮನೆಯಲ್ಲೂ ಒಂದೇ: ಕಣ್ಣಾರೆ ಕಂಡವರ ಸಹಿ ಇಲ್ಲದೆ ಜನನ ದಾಖಲಿಸುವಂತಿಲ್ಲ.

ಒಂದು ದಿನ ಹೆಂಡತಿ ಆ ಪುಸ್ತಕ ತೆರೆದರು.

"ಇಲ್ಲಿ ನೋಡ್ರೀ. ನನ್ನ ಹೊಟ್ಟೆ ಆಪರೇಷನ್ ಆದ ದಿನ. 'ಮೂರನೇ ಹುಳು ಸ್ವಲ್ಪ ಮಂಕು' ಅಂತ ಬರ್ದಿದೀರಿ."

"ಮಂಕಾಗಿತ್ತಲ್ಲ ಮತ್ತೆ?"

"ನಾನು?"

"ನಿಂದು ಆಸ್ಪತ್ರೆಯವರು ಬರ್ಕೊಂಡಿರ್ತಾರೆ ಕಣೇ."

ಆಕೆ ಪುಸ್ತಕ ಮುಚ್ಚಿದರು. ಆಮೇಲೆ ತೊಟ್ಟಿಯ ವಿಷಯಕ್ಕೆ ತುಟಿ ಬಿಚ್ಚಲಿಲ್ಲ. ಗುಮಾಸ್ತರು ಇದನ್ನು ಒಪ್ಪಿಗೆ ಎಂದುಕೊಂಡರು.

ಮುಂದಿನ ಭಾನುವಾರ ಅವರು ಮೊಟ್ಟೆ ನೋಡಲು ಭೂತಗನ್ನಡಿ ತರಲು ಹೊರಟರು. "ನೀರು ನೀನೇ ಬದಲಾಯಿಸಿಬಿಡು. ಕಾಯಿಸೋದು ಮರೀಬೇಡ."

ಆಕೆ ಮರೆಯಲಿಲ್ಲ. ಕಾಯಿಸಲೂ ಇಲ್ಲ. ಬಕೆಟ್ಟಿನಲ್ಲಿದ್ದ ತಣ್ಣನೆಯ ಉಪ್ಪುನೀರನ್ನು ಒಂದೇ ಸಲಕ್ಕೆ ಹುಯ್ದರು.

ಎರಡು ಗಂಟೆ ಬಿಟ್ಟು ಗುಮಾಸ್ತರು ಬಂದಾಗ ಅವರ ಕುರ್ಚಿಯಲ್ಲಿ ಹೆಂಡತಿ ಟೀ ಕುಡಿಯುತ್ತಿದ್ದರು.

"ಆಯ್ತು ರೀ."

"ಏನಾಯ್ತು?"

"ಒಂದು ಹುಳು ಕಲ್ಲಿನ ತುದಿಗೆ ಹತ್ತಿ, ಬೀಡಿ ಸೇದಿದ ಹಾಗೆ ಬಿಳಿ ಹೊಗೆ ಬಿಡ್ತು. ಅದನ್ನ ನೋಡಿ ಇನ್ನೊಂದು. ಆಮೇಲೆ ಏಳೂ! ಹಸಿರು ಹಸಿರು ಕಾಳಿನಂಥ ಮೊಟ್ಟೆನೂ ಬಿತ್ತಪ್ಪ. ತೊಟ್ಟಿಯೆಲ್ಲ ಹಾಲು."

ಗುಮಾಸ್ತರು ಭೂತಗನ್ನಡಿ ಹಿಡಿದು ಗಾಜಿಗೆ ಮೂಗೊತ್ತಿದರು. ಫಿಲ್ಟರ್ ಎಲ್ಲವನ್ನೂ ನುಂಗಿ ನೀರನ್ನು ತಿಳಿ ಮಾಡಿತ್ತು. ಹುಳುಗಳು ಏನೂ ಅರಿಯದವರಂತೆ ಪಾಚಿ ಮೇಯುತ್ತಿದ್ದವು.

"ನೀರು ಕಾಯಿಸಿದ್ಯಾ?"

"ಇಲ್ಲ."

ಅವರು ಭೂತಗನ್ನಡಿ ಕೆಳಗಿಟ್ಟರು. ಮೂರು ವರ್ಷ ಹುಳುಗಳು ಕಾದಿದ್ದದ್ದು ಒಂದು ಬಕೆಟ್ ತಣ್ಣೀರಿಗೆ. ಅದು ತಾಗದಂತೆ ಕಾವಲು ಕಾದವರು ತಾವೇ.

ಕೊನೆಗೆ ಪುಸ್ತಕವನ್ನೂ ಪೆನ್ನನ್ನೂ ಹೆಂಡತಿಯ ಮುಂದಿಟ್ಟರು. ಕಚೇರಿಯ ಕಿಟಕಿಯಾಚೆ ನಿಲ್ಲುವವರ ದನಿ ಅವರಿಗೇ ಬಂದಿತ್ತು. "ಕಂಡವಳು ನೀನೊಬ್ಬಳೇ. ದಯವಿಟ್ಟು ಬರ್ದು ಸಹಿ ಹಾಕಮ್ಮ."

ಆಕೆ ಟೀ ಮುಗಿಸಿದರು. ಸೆರಗಿಗೆ ಕೈ ಒರೆಸಿಕೊಂಡು, ಅಂದಿನ ತಾರೀಖಿನ ಎದುರು ದುಂಡಗೆ ಒಂದು ಸಾಲು ಬರೆದು, ಕೆಳಗೆ ಸಹಿ ಹಾಕಿ, ಒಳಗೆ ಹೋದರು.

ಗುಮಾಸ್ತರು ಭೂತಗನ್ನಡಿ ಹಿಡಿದು ಓದಿದರು:

'ಯಜಮಾನರು ಸ್ವಲ್ಪ ಮಂಕು.'