ಮೆಕ್ಕೆಜೋಳ ಬಿತ್ತುವ ರೋಬೋಟ್

‘ನನಗೆ ಗೊತ್ತಿಲ್ಲ’ ಎನ್ನುವ ಮಾತು ಮೇಷ್ಟರಾದವರ ಬಾಯಿಗೆ ಬರುವುದು ಬಹಳ ಕಷ್ಟ. ಬದಲಿಗೆ ನಾವು ‘ಅದನ್ನು ನೀವೇ ಯೋಚಿಸಿ ನೋಡಿ’ ಎನ್ನುತ್ತೇವೆ. ಮಕ್ಕಳಿಗೆ ಯೋಚಿಸುವ ಅಭ್ಯಾಸವಾಗುತ್ತದೆ, ನಮಗೆ ಮರ್ಯಾದೆ ಉಳಿಯುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಹರಪನಹಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಯಾರೋ ಪುಣ್ಯಾತ್ಮರು ಶಾಲೆಗೆ ರೋಬೋಟ್ ಕಟ್ಟುವ ಸಾಮಾನಿನ ಪೆಟ್ಟಿಗೆ ದಾನ ಕೊಟ್ಟರು. ಹೆಡ್‌ಮಾಸ್ಟರು ಅದನ್ನು ನನ್ನ ಮುಂದಿಟ್ಟು, "ಹಡಗಲ್ಯಾಗ ಸ್ಪರ್ಧೆ ಐತಿ. ನೀವು ಸೈನ್ಸಿನವರು, ನಿಮಗ ಇದೆಲ್ಲ ಗೊತ್ತಿರ್ತೈತಿ" ಎಂದರು. ಮನೆಯ ಮಿಕ್ಸಿ ರಿಪೇರಿ ಮಾಡಲು ಹೋಗಿ ಫ್ಯೂಸ್ ಹಾರಿಸಿದ್ದೇ ಅಲ್ಲಿಯವರೆಗಿನ ನನ್ನ ತಾಂತ್ರಿಕ ಸಾಧನೆ. ಆದರೂ ಗಂಭೀರವಾಗಿ ತಲೆಯಾಡಿಸಿದೆ.

ಒಂಬತ್ತನೇ ತರಗತಿಯ ಮೂವರನ್ನು ಆರಿಸಿದೆ. ಕೋಟ್ರೇಶನ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಊಟದ ನೆನಪಿರುತ್ತಿರಲಿಲ್ಲ. ಚಿಗಟೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಾಗವೇಣಿ ಪುಸ್ತಕ ನೋಡಿಕೊಂಡೇ ಪ್ರೋಗ್ರಾಮ್ ಬರೆಯಲು ಕಲಿತಳು. ರಫೀಕ್ ಎಲ್ಲರೊಂದಿಗೂ ಹೊಂದಿಕೊಳ್ಳುವ ಹುಡುಗ. ನೆಲದ ಮೇಲಿನ ಕಪ್ಪು ಗೆರೆಯನ್ನು ಹಿಡಿದು ಹೋಗುತ್ತ, ಗೇಣಿಗೊಂದು ಮೆಕ್ಕೆಜೋಳದ ಕಾಳು ಉದುರಿಸುವ ಬಂಡಿ ಮಾಡಬೇಕೆಂದು ಅವರೇ ತೀರ್ಮಾನಿಸಿದರು.

ಬಂಡಿ ನೇರ ಗೆರೆಯ ಮೇಲೆ ಚೆನ್ನಾಗಿಯೇ ಹೋಯಿತು. ಗೆರೆ ಬಲಕ್ಕೆ ಹೊರಳಿದ ಕಡೆ ಮಾತ್ರ ಎಡಕ್ಕೆ ತಿರುಗಿ ಗೋಡೆಗೆ ಬಡಿಯಿತು.

"ನಿನ್ನ ಪ್ರೋಗ್ರಾಮ್ ತಪ್ಪೈತಿ" ಎಂದ ಕೋಟ್ರೇಶ.

"ನಾ ಬಲಕ್ಕ ಅಂತನ ಬರ್ದೀನಿ. ನೀನ ವೈರ್ ತಪ್ಪು ಹಾಕೀದಿ" ಎಂದಳು ನಾಗವೇಣಿ.

ನನ್ನನ್ನು ಕೇಳಿದರು. ಯೋಚಿಸಿ ನೋಡಿ ಎಂದೆ. ಅವರಿಬ್ಬರೂ ಯೋಚಿಸುವ ಬದಲು ಪರಸ್ಪರ ಮಾತು ಬಿಟ್ಟರು. ಒಂದೇ ಮೇಜಿನ ಆಚೆ ಈಚೆ ಎದುರುಬದುರು ಕೂತು, ಪ್ರತಿ ಮಾತನ್ನೂ ರಫೀಕ್‌ನ ಮೂಲಕ ಕಳಿಸತೊಡಗಿದರು. ಕಂಪ್ಯೂಟರಿನಿಂದ ಬಂಡಿಗೆ ಹೋಗುವ ಕೇಬಲ್ಲಿಗೂ ಅಷ್ಟು ಕೆಲಸ ಇರಲಿಲ್ಲ. ಕೊನೆಗೊಂದು ಮಧ್ಯಾಹ್ನ ರಫೀಕ್ ಸ್ಟಾಫ್‌ರೂಮಿಗೆ ಬಂದು, "ನಾ ಬಿಡ್ತೀನ್ರಿ ಸರ್. ಇಬ್ಬರೂ ತಮ್ಮ ಸಿಟ್ಟು ನನ್ ಮ್ಯಾಲೆ ತೀರಿಸ್ಕೊಂತಾರ" ಎಂದ. ಅವನ ಕಣ್ಣು ತುಂಬಿತ್ತು. ಮೂವರಿಲ್ಲದ ತಂಡಕ್ಕೆ ಸ್ಪರ್ಧೆಯಲ್ಲಿ ಪ್ರವೇಶವಿರಲಿಲ್ಲ. ಇರುವೆ, ಜೇನುಹುಳ, ಸ್ವಾತಂತ್ರ್ಯ ಹೋರಾಟ ಎಲ್ಲವನ್ನೂ ಸೇರಿಸಿ ಒಗ್ಗಟ್ಟಿನ ಮೇಲೊಂದು ಭಾಷಣ ಸಿದ್ಧಮಾಡಿಕೊಂಡು ಮಕ್ಕಳು ಬಂಡಿ ಕಟ್ಟುತ್ತಿದ್ದ ಕೋಣೆಯತ್ತ ನಡೆದೆ.

ಬಾಗಿಲಲ್ಲೇ ನಿಂತೆ. ಮಾತು ಸಾಗಿಸುವವನು ಹೋಗಿದ್ದರಿಂದ ಅವರು ನೇರವಾಗಿ ಮಾತಾಡಲೇಬೇಕಾಗಿತ್ತು.

"ನಿನ್ ಬಲ ಯಾವ್ದು?" ಎಂದು ಕೇಳಿದಳು ನಾಗವೇಣಿ.

ಕೋಟ್ರೇಶ ಬಲಗೈ ಚಾಚಿದ. ಎದುರಿಗಿದ್ದ ಅವಳೂ ತನ್ನ ಬಲಗೈ ಚಾಚಿದಳು. ಒಂದು ಕೈ ಕಿಟಕಿಯ ಕಡೆಗಿತ್ತು, ಇನ್ನೊಂದು ಗೋಡೆಯ ಕಡೆಗೆ. ಅವಳು ಎದ್ದು, ಮೇಜು ಸುತ್ತಿ ಬಂದು ಅವನ ಪಕ್ಕ ನಿಂತು, ಅವನ ಕಡೆ ಮುಖ ಮಾಡಿದ್ದ ಬಂಡಿಯನ್ನು ನೋಡಿದಳು.

"ನಾ ಬಂಡ್ಯಾಗ ಕುಂತು ಹೊಡೆಯೋರಂಗ ಬರ್ದೀನಿ. ನೀ ಎದುರಿಗೆ ಕುಂತು ವೈರ್ ಹಾಕೀದಿ."

ಅವನು ಬಂಡಿಯನ್ನು ಒಮ್ಮೆ ಹಿಂದುಮುಂದಾಗಿ ತಿರುಗಿಸಿ ನೋಡಿದ. "ಹಂಗಾರ ಇಬ್ಬರದೂ ಸರಿ ಐತಿ."

"ಇಬ್ಬರದೂ ಸರಿ ಇದ್ದು ಗ್ವಾಡಿಗೆ ಬಡೀತು ನೋಡು."

ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ರಫೀಕ್ ‘ಬಲ’ ಎಂಬ ಮಾತನ್ನು ನಿಷ್ಠೆಯಿಂದ ಅತ್ತಿತ್ತ ಸಾಗಿಸಿದ್ದ. ಯಾರ ಬಲ ಎಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ನೌಕರಿಯಲ್ಲಿ ಎಷ್ಟೋ ಮೀಟಿಂಗುಗಳಲ್ಲಿ ಕೂತಿದ್ದೇನೆ. ಎಲ್ಲರೂ ಸರಿಯಾಗಿಯೇ ಮಾತಾಡುತ್ತಿದ್ದರು. ಎದ್ದು ಮೇಜು ಸುತ್ತಿ ಬಂದವರನ್ನು ಮಾತ್ರ ನಾನು ಕಾಣೆ, ನಾನೂ ಎದ್ದವನಲ್ಲ.

ಭಾಷಣ ನುಂಗಿಕೊಂಡು ಹಿಂದಿರುಗಿದೆ. ಸಂಜೆ ಅವರಿಬ್ಬರೂ ರಫೀಕ್‌ನ ಮನೆಗೆ ಹೋದರಂತೆ. "ಬಾರಲೇ, ನೀನಿಲ್ದ ನಮಗ ಬಗಿಹರ್ಯಂಗಿಲ್ಲ" ಎಂದು ಕೋಟ್ರೇಶ ಕರೆದನಂತೆ. ಅವನು ಬಂದ.

ಹಡಗಲಿಯ ಸ್ಪರ್ಧೆಯಲ್ಲಿ ಬಂಡಿ ತಿರುವನ್ನು ಚೆಂದವಾಗಿ ದಾಟಿತು. ಆದರೆ ಗೆರೆ ಮುಗಿದ ಜಾಗದಲ್ಲಿ ಮುಖ್ಯ ಅತಿಥಿಗಳ ಹೊಳೆಯುವ ಕಪ್ಪು ಬೂಟು ಕಂಡಿತು. ಅವರು ಹಿಂದೆ ಸರಿದಂತೆಲ್ಲ ಅದು ಕಾಳು ಉದುರಿಸುತ್ತ ಅವರನ್ನೇ ಹಿಂಬಾಲಿಸಿತು. ಅವರು ನಕ್ಕ ಮೇಲೆ ಸಭೆಯೂ ನಕ್ಕಿತು. ನಮಗೆ ಎರಡನೇ ಬಹುಮಾನ ಬಂತು.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ಟರು ನಾಗವೇಣಿಯ ಕೈಗೆ ಮೈಕ್ ಕೊಟ್ಟು, ಮೇಷ್ಟರು ಏನೇನು ಕಲಿಸಿದರು ಹೇಳಮ್ಮ ಎಂದರು. ಅವಳು ಬಹಳ ಯೋಚಿಸಿ, ಪ್ರಾಮಾಣಿಕವಾಗಿ ಹೇಳಿದಳು: "ನಮ್ ಸರ್ ನಡುವ ಬಾಯಿ ಹಾಕ್ಲಿಲ್ರಿ. ಅದ ದೊಡ್ಡ ಸಹಾಯ ಆತು."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಇದು ಹೊಗಳಿಕೆಯೋ ಅಲ್ಲವೋ ತಿಳಿಯದೆ ನಾನು ಕೈಮುಗಿದೆ. ಮನೆಗೆ ಬಂದು ಹೆಂಡತಿಗೆ ಹೇಳಿ, ನಿನಗೇನನಿಸುತ್ತದೆ ಎಂದು ಕೇಳಿದೆ.

"ಶಾಣೇ ಹುಡುಗಿ" ಎಂದಳು, ರೊಟ್ಟಿ ಮಗುಚುತ್ತ. "ಆ ಸಹಾಯ ಮನ್ಯಾಗೂ ಸ್ವಲ್ಪ ಮಾಡ್ರಿ."