ವಾರಂಟಿಗೆ ಬಿದ್ದ ಮೀನು

ಟೈಲರಮ್ಮ ತಾರಸಿಯ ತಂತಿಗೆ ಹಾಕಿದ ಬೆಡ್‌ಶೀಟಿಗೆ ಇನ್ನೆರಡು ಕ್ಲಿಪ್ಪು ಸಿಕ್ಕಿಸಿದ್ದರೆ ಅವತ್ತು ಇಷ್ಟೆಲ್ಲ ಆಗುತ್ತಿರಲಿಲ್ಲ. ಸರಿಯಾಗಿ ಹಿಂಡದೆ ಹಾಕಿದ್ದ ಆ ದೊಡ್ಡ ಬೆಡ್‌ಶೀಟು ಒಂದು ಬೀಸು ಗಾಳಿಗೆ ತಂತಿಯಿಂದ ಕಳಚಿ, ಕೆಳಗೆ ಪಕ್ಕದ ಕಟ್ಟಡದ ತಗಡಿನ ಮಾಡಿನ ಮೇಲೆ ಹೋಗಿ ಮಲಗಿತು.

ಸರಿಯಾಗಿ ಅದೇ ಹೊತ್ತಿಗೆ ಚಾಳೀಸಪ್ಪ ಹೊಸ ಗಾಳದ ಕೋಲನ್ನು ಹೆಗಲಿಗೇರಿಸಿಕೊಂಡು ಮನೆಯಿಂದ ಹೊರಗೆ ಕಾಲಿಟ್ಟ.

ಚಾಳೀಸಪ್ಪ ಅವನ ನಿಜವಾದ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ಉಜ್ಜುತ್ತಿದ್ದವನಿಗೆ ಕಟ್ಟಡದವರು ಇಟ್ಟ ಹೆಸರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಗಾಜು ಉಜ್ಜುವುದು, ಬಂದವರ ಮೂಗಿನ ಮೇಲೆ ಅದನ್ನು ಕೂರಿಸಿ "ಇದು ಚೆನ್ನಾಗಿ ಕಾಣುತ್ತಾ, ಮೊದಲಿನದಾ?" ಎಂದು ಕೇಳುವುದು, ಇದೇ ಅವನ ದಿನ. ಅವನಿಗೆ ಮಾತ್ರ ನೋಡಬೇಕೆಂದಿದ್ದದ್ದು ಒಂದೇ: ನೀರು. ಹುಡುಗನಾಗಿದ್ದಾಗ ಸೋದರಮಾವನ ಪಕ್ಕ ಕೆರೆಯ ದಂಡೆಯಲ್ಲಿ ಕೂತು, ಬಿದಿರುಕಡ್ಡಿಗೆ ದಾರ ಕಟ್ಟಿ, ಮಧ್ಯಾಹ್ನದವರೆಗೂ ಒಂದು ಮಾತಿಲ್ಲದೆ ಕಾಯುತ್ತಿದ್ದ. ಮಾವ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಮೌನ ಮಾತ್ರ ಎದೆಯೊಳಗೆ ಎಲ್ಲೋ ಉಳಿದುಕೊಂಡು, ಅಂಗಡಿಯಲ್ಲಿ ಗಾಜು ಉಜ್ಜುವಾಗ ನೀರಿನ ಪೈಪು ಸುರಿಯುವ ಸದ್ದಿಗೆ ಒಮ್ಮೊಮ್ಮೆ ಮಿಸುಕಾಡುತ್ತಿತ್ತು.

ಹಾಗಾಗಿ ಎಂಟು ತಿಂಗಳ ಹಿಂದೆ ಅವನು ಗಾಳದ ಕೋಲು ಕಟ್ಟುವ ಮೇಸ್ತ್ರಿಯ ಹತ್ತಿರ ಹೋಗಿ ತನ್ನ ಅಳತೆಯ ಒಂದು ಕೋಲಿಗೆ ಹೇಳಿದ್ದ. ಗಾಜು ಉಜ್ಜಿ ಉಜ್ಜಿ ಬಲಗೈ ಹೆಬ್ಬೆರಳು ಸೊಟ್ಟಗಾಗಿತ್ತು. ಮೇಸ್ತ್ರಿ ಆ ಬೆರಳು ಕೂರುವ ಹಾಗೆ ಹಿಡಿಕೆಯಲ್ಲಿ ಒಂದು ಗುಳಿ ಕೊರೆದ. ತೋಳು ಗಿಡ್ಡವೆಂದು ಹಿಡಿಕೆಯನ್ನು ನಾಲ್ಕು ಬೆರಳಷ್ಟು ಕಮ್ಮಿ ಮಾಡಿದ. ದಾರ ಹಾಯುವ ಹನ್ನೊಂದು ಉಂಗುರಗಳನ್ನು ಹಸಿರು ನೂಲಿನಲ್ಲಿ ಸುತ್ತಿ ಕೂರಿಸಿದ. ಪ್ರತಿ ವಾರದ ರಜೆಗೂ ಚಾಳೀಸಪ್ಪ ಹೋಗಿ, ವಾರ್ನಿಶ್ ಒಣಗುವುದನ್ನು ನೋಡಿ ಬರುತ್ತಿದ್ದ. ಕೋಲು ಕೈಗೆ ಬಂದದ್ದು ನಿನ್ನೆ. ಇವತ್ತು ರಜೆ.

"ಅಣ್ಣಾ! ಹೇಳಿ ಕಳಿಸಿದ ಹಾಗೆ ಬಂದ್ರಿ," ಎಂದು ಟೈಲರಮ್ಮ ಮೆಟ್ಟಿಲ ಮೇಲಿಂದ ಕೂಗಿದಳು. "ಅದರ ತುದೀಲಿ ಕೊಕ್ಕೆ ಇದೆಯಲ್ಲ?"

"ಇದು ಮೀನಿಗೆ, ಅಕ್ಕ."

"ಒಂದೇ ನಿಮಿಷ. ಮೀನಿಗೇನು ಅವಸರ, ನೀರಲ್ಲೇ ಇರುತ್ತೆ."

ಚಾಳೀಸಪ್ಪನಿಗೆ 'ಆಗಲ್ಲ' ಎಂಬ ಮಾತು ನೀರಿಲ್ಲದೆ ನುಂಗಿದ ಮಾತ್ರೆಯ ಹಾಗೆ. ಒಳಗೂ ಹೋಗದು, ಹೊರಗೂ ಬಾರದು. ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಡತಿ ಮೂರು ಮಹಡಿಗೂ ಕೇಳುವಂತೆ ಹೇಳಿದಳು: "ಹೋಗಿ ತೆಗೆದುಕೊಡ್ರೀ! ನಿಮ್ಮ ಪ್ಯಾಂಟಿನ ಜಿಪ್ಪು ಪುಕ್ಕಟೆ ಹಾಕಿಕೊಟ್ಟಿದ್ದು ಮರ್ತೋಯ್ತಾ?"

ತಾರಸಿಯಲ್ಲಿ ಮೂರನೇ ಮಹಡಿಯ ನಿವೃತ್ತ ವಕೀಲರು ಬನಿಯನ್ನಿನಲ್ಲಿ ಬಿಸಿಲು ಕಾಯಿಸುತ್ತಿದ್ದರು. ಕೇಸು ಸಿಗದೆ ಆರು ವರ್ಷವಾಗಿದ್ದ ಅವರು ತಕ್ಷಣ ಎದ್ದು ಬಂದರು. ಚಾಳೀಸಪ್ಪ ಯಾರಿಗೂ ಕೋಲು ಮುಟ್ಟಗೊಡದೆ ತಾನೇ ಬೀಸಿದ. ಮೊದಲ ಬೀಸಿಗೇ ಕೊಕ್ಕೆ ಬೆಡ್‌ಶೀಟಿನ ಅಂಚಿಗೆ ಕಚ್ಚಿತು.

"ಎಳೀರಿ ಅಣ್ಣಾ, ಎಳೀರಿ!"

ಬೆಡ್‌ಶೀಟು ತಗಡಿನ ಮೇಲೆ ತೆವಳುತ್ತ ಅರ್ಧ ದಾರಿ ಸುಮ್ಮನೆ ಬಂತು. ಆಮೇಲೆ ಇನ್ನೊಂದು ಬೀಸು ಗಾಳಿ ಅದರ ಹೊಟ್ಟೆಯೊಳಗೆ ನುಗ್ಗಿತು. ಬೆಡ್‌ಶೀಟು ಹಬ್ಬಿ, ಉಬ್ಬಿ, ಆಚೆಗೆ ಜಗ್ಗಿತು. ಕೋಲು ಬಾಗಿ ಪ್ರಶ್ನಾರ್ಥಕ ಚಿಹ್ನೆಯಾಯಿತು.

"ಬಿಡಬೇಡಿ!" ವಕೀಲರು ಅಬ್ಬರಿಸಿದರು. "ಬಿಟ್ರೆ ನಮ್ಮ ಪಾರ್ಟಿ ಸೋತ ಹಾಗೆ!"

ಟಪ್ ಎಂದಿತು. ಮೂರನೇ ಉಂಗುರದ ಕೆಳಗೆ ಕೋಲು ಮುರಿದು ತುದಿ ದಾರದಲ್ಲಿ ಜೋಲಾಡಿತು. ಬೆಡ್‌ಶೀಟು ಮಾತ್ರ ದಿಕ್ಕು ಬದಲಿಸಿದ ಗಾಳಿಗೆ ಹಾರಿ ಸೀದಾ ಟೈಲರಮ್ಮನ ತೋಳಿಗೇ ಬಂದು ಬಿತ್ತು.

ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರಿಟ್ಟಳು. "ಸದ್ಯ, ಎಲ್ಲೂ ಹರಿದಿಲ್ಲ!"

ಚಾಳೀಸಪ್ಪ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟ. ಹಿಡಿಕೆಯ ಗುಳಿಯಲ್ಲಿ ಹೆಬ್ಬೆರಳು ಇನ್ನೂ ಹಾಗೇ ಕೂತಿತ್ತು, ಅಳತೆಗೆ ಸರಿಯಾಗಿ.

"ವಾರಂಟಿ ಇದೆಯೇನ್ರೀ?" ವಕೀಲರು ಕೇಳಿದರು. ಚಾಳೀಸಪ್ಪ ಜೇಬಿನಿಂದ ತೆಗೆದ ವಾರಂಟಿ ಕಾರ್ಡು ಕೈಗೆ ಸಿಕ್ಕಿದ್ದೇ ಅವರ ಮುಖಕ್ಕೆ ಹತ್ತು ವರ್ಷದ ಹಿಂದಿನ ಕಳೆ ಬಂತು. "'ಕೊಕ್ಕೆಗೆ ಸಿಕ್ಕಿದ್ದರ ಭಾರಕ್ಕೆ ಕೋಲು ಮುರಿದರೆ ಹೊಸದು ಕೊಡಲಾಗುವುದು. ಬಾಗಿಲು, ಫ್ಯಾನು, ವಾಹನ, ಜಗಳ, ಇವುಗಳಿಂದ ಮುರಿದರೆ ಇಲ್ಲ.' ಬೆಡ್‌ಶೀಟು ಅಂತ ಎಲ್ಲಾದ್ರೂ ಬರೆದಿದೆಯಾ? ಇಲ್ಲ! ಏಳಿ, ನಾನೂ ಬರ್ತೀನಿ."

"ನಂಗೆ ಸುಳ್ಳು ಹೇಳಕ್ಕೆ ಬರಲ್ಲ ಸಾರ್."

"ಯಾರ್ರೀ ಸುಳ್ಳು ಹೇಳಿ ಅಂದಿದ್ದು? ಕೇಳಿದ್ದಕ್ಕಷ್ಟೇ ಉತ್ತರ. ಒಂದಕ್ಷರ ಜಾಸ್ತಿ ಬೇಡ."

ಮೇಸ್ತ್ರಿಯ ಅಂಗಡಿ ಉದ್ದನೆಯ ಒಂದೇ ಕೋಣೆ. ಅಂಟು, ವಾರ್ನಿಶ್ ವಾಸನೆ. ಒಂದು ಗೋಡೆಯ ತುಂಬ ಮುರಿದ ಕೋಲುಗಳು. ಒಂದೊಂದಕ್ಕೂ ಚೀಟಿ: 'ಕಾರಿನ ಬಾಗಿಲು', 'ಫ್ಯಾನು', 'ಅತ್ತೆ ಕೂತದ್ದು'. ಎಪ್ಪತ್ತು ದಾಟಿದ ಮೇಸ್ತ್ರಿ ಅದರ ಕಡೆ ಬೆರಳು ತೋರಿಸಿದ.

"ತಂದವರೆಲ್ಲ ಮೀನು ಅಂತಾನೇ ಹೇಳಿದ್ದು. ಕೊಡಿ ಇಲ್ಲಿ."

ಭೂತಗನ್ನಡಿ ಹಿಡಿದು ಮುರಿದ ಜಾಗವನ್ನು ನೋಡಿದ. ಇನ್ನೊಮ್ಮೆ ನೋಡಿದ. "ಬಾಗಿಲಲ್ಲ. ಬಾಗಿಲಾದ್ರೆ ಜಜ್ಜಿರೋದು. ಇದು ನಿಜವಾಗ್ಲೂ ಎಳೆದಾಡಿ ಮುರಿದಿದೆ. ಏನು ಸಿಕ್ಕಿತ್ತು?"

ಚಾಳೀಸಪ್ಪ ವಕೀಲರ ಮುಖ ನೋಡಿದ. ವಕೀಲರು ಸೂರು ನೋಡಿದರು.

"ಭಾರದ್ದು," ಎಂದ. "ಒದ್ದೆ."

"ಒದ್ದೆ ಇರದೆ ಇನ್ನೇನು. ಎಷ್ಟು ಉದ್ದ?"

"ಬಿಡಿಸಿ ಹಾಸಿದ್ರೆ... ಒಂದು ಮಂಚದಷ್ಟು."

ಭೂತಗನ್ನಡಿ ಅಲ್ಲೇ ನಿಂತಿತು. "ಬಣ್ಣ?"

"ಬಿಳಿ. ಅಂಚಲ್ಲಿ ನೀಲಿ ಪಟ್ಟೆ."

ಮೇಸ್ತ್ರಿ ಮೆಲ್ಲನೆ ಸ್ಟೂಲಿನ ಮೇಲೆ ಕೂತ. "ಮೊದಲು ಸುಮ್ನೆ ಬಂತಾ?"

"ಹೌದು. ಅರ್ಧ ದಾರಿ ಏನೂ ಮಾಡ್ಲಿಲ್ಲ. ಆಮೇಲೆ ಗಾಳಿ ಬೀಸ್ತು ನೋಡಿ..."

"ಗಾಳಿ ಬೀಸಿದ ತಕ್ಷಣ ಮೈ ಉಬ್ಬಿಸ್ತು!"

"ನಿಮಗೆ ಹೇಗೆ ಗೊತ್ತು?" ಚಾಳೀಸಪ್ಪ ನಿಜವಾಗಿಯೂ ಬೆರಗಾಗಿ ಕೇಳಿದ.

"ಇಪ್ಪತ್ತಾರು ವರ್ಷದವನಿದ್ದಾಗ ನಾನೇ ನೋಡಿದ್ದೀನಿ ಸ್ವಾಮಿ. ಕೆರೆ ತೂಬಿನ ಹತ್ರ. ನೀಲಿ ಪಟ್ಟೆ. ನನ್ನ ಬಿದಿರು ಕೋಲು ಮುರ್ಕೊಂಡು ಹೋಯ್ತು. ಹೇಳಿದ್ರೆ ಎಲ್ಲ ನಕ್ಕರು. ನನ್ನ ಹೆಂಡತಿಯಂತೂ ದಿನಾ ಊಟಕ್ಕೆ ಕೂತಾಗ 'ಬಂತಾ ನಿಮ್ಮ ಪಟ್ಟೆ ಮೀನು?' ಅನ್ನೋಳು. ಕೊನೇವರೆಗೂ ನಂಬಲಿಲ್ಲ." ಅವನ ದನಿ ಸಣ್ಣದಾಯಿತು. "ಅದನ್ನ ಹಿಡಿಯೋ ಕೋಲು ಕಟ್ಟಬೇಕು ಅಂತಾನೇ ಈ ಕೆಲಸಕ್ಕೆ ಬಂದೆ. ಕಟ್ತಾ ಕಟ್ತಾ ನೀರಿನ ಕಡೆ ಹೋಗೋದೇ ಬಿಟ್ಟೋಯ್ತು. ಇತ್ತೀಚೆಗೆ ನಾನೇ ಕನಸು ಕಂಡಿದ್ದೇನೋ ಅನ್ಸೋಕೆ ಶುರುವಾಗಿತ್ತು. ಅಲ್ಲೇ ತಾನೇ? ತೂಬಿನ ಹತ್ರಾನೇ?"

ವಕೀಲರು ಕೆಮ್ಮಿದರು. ಚಾಳೀಸಪ್ಪನ ತಲೆ ಅದರಷ್ಟಕ್ಕೆ ಅಲ್ಲಾಡಿತು. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಮೇಸ್ತ್ರಿಗೆ ತಿಳಿಯಿತು.

ಒಳಗೆ ಹೋದವನು ಒಂದು ಕೋಲು ಹಿಡಿದು ಬಂದ. ಅದೇ ಹಸಿರು ನೂಲು, ಹನ್ನೊಂದು ಉಂಗುರ, ಹಿಡಿಕೆಯಲ್ಲಿ ಅದೇ ಗುಳಿ. "ಪ್ರತಿ ಕೋಲಿಗೂ ಒಂದು ಜೋಡಿ ಕಟ್ಟಿಟ್ಟಿರ್ತೀನಿ. ವಾರ್ನಿಶ್ ಗುಳ್ಳೆ ಎದ್ರೆ ಇರಲಿ ಅಂತ."

ಚಾಳೀಸಪ್ಪ ಒಂದು ಹೆಜ್ಜೆ ಮುಂದೆ ಬಂದ. ಎರಡೂ ಕೈ ಚಾಚಿದ. ಮೇಸ್ತ್ರಿ ಆ ಕೈಗಳಿಗೆ ಒಂದು ಮೀನಿನ ಬಲೆ ಕೊಟ್ಟು, ಕೋಲನ್ನು ತಾನೇ ಹೆಗಲಿಗಿಟ್ಟುಕೊಂಡು, ಅಂಗಡಿಗೆ ಬೀಗ ಹಾಕಿದ.

"ನಡೀರಿ. ಗಾಳಿ ಇನ್ನೂ ಇದೆ."

"ಗೆದ್ದೆವು," ಎಂದು ವಕೀಲರು ಚಾಳೀಸಪ್ಪನ ಕಿವಿಯಲ್ಲಿ ಹೇಳಿ, ಬಸ್ಸು ಹತ್ತಿ ಮನೆಗೆ ಹೋದರು.

ತೂಬಿನ ಬಳಿ ನೀರು ಕಪ್ಪಗೆ, ಯಾವ ಅವಸರವೂ ಇಲ್ಲದೆ ನಿಂತಿತ್ತು. ಮೇಸ್ತ್ರಿ ಕೊಕ್ಕೆ ಕಟ್ಟಿದ. ಹೆಬ್ಬೆರಳು ಗುಳಿಯಲ್ಲಿ ಕೂರದೆ ಜಾರಿದರೂ ಲೆಕ್ಕಿಸದೆ ಬೀಸಿದ. ಒಂದು ಗೇಣುದ್ದದ ಮೀನು ಬಿತ್ತು. "ಇದಲ್ಲ," ಎಂದು ನೀರಿಗೆ ಬಿಟ್ಟ. ಮೊಳದುದ್ದದ್ದು ಬಿತ್ತು. ಚಾಳೀಸಪ್ಪ ಆಸೆಯಿಂದ ಬಲೆ ಒಡ್ಡಿದ. "ಇದೂ ಅಲ್ಲ." ಅದೂ ಹೋಯಿತು.

ಹೇಳಿಬಿಡಬೇಕು ಎಂದು ಚಾಳೀಸಪ್ಪ ಮೂರು ಸಲ ಬಾಯಿ ತೆರೆದ. ಮೂರನೆಯ ಸಲ 'ಮೇಸ್ತ್ರಿ, ಅದು...' ಎಂಬವರೆಗೂ ಬಂದಿತ್ತು.

"ಅವಳು ಇದ್ದಿದ್ರೆ," ಮೇಸ್ತ್ರಿ ನೀರಿನಿಂದ ಕಣ್ಣು ತೆಗೆಯದೆ ಹೇಳಿದ, "ಇವತ್ತು ನಿಮ್ಮನ್ನ ಕರ್ಕೊಂಡೋಗಿ ಅವಳ ಮುಂದೆ ನಿಲ್ಲಿಸ್ತಿದ್ದೆ. 'ಬಣ್ಣ ಯಾವುದು ಹೇಳಿ ಸ್ವಾಮಿ' ಅಂತಿದ್ದೆ. ಅಷ್ಟೇ ಸಾಕಿತ್ತು."

ಚಾಳೀಸಪ್ಪ ಬಾಯಿ ಮುಚ್ಚಿದ.

ಬಿಸಿಲು ಇಳಿಯಿತು. ಬೇರೆಯವರ ಕೈಯಲ್ಲಿ ತನ್ನ ಕೋಲು ಬಾಗುವುದನ್ನೂ ನಿಲ್ಲುವುದನ್ನೂ ನೋಡಿ ನೋಡಿ ಅವನ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಕೊನೆಗೆ ತಡೆಯಲಾರದೆ ಕೇಳಿದ: "ಒಂದೇ ಒಂದ್ಸಲ ನಾನು ಹಿಡೀಲಾ?"

ಮೇಸ್ತ್ರಿ ಅವನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಒಂದಿಷ್ಟು ಅಸೂಯೆ ಇತ್ತು.

"ನಿಮಗೆ ಇವತ್ತೇ ಒಂದ್ಸಲ ಸಿಕ್ತಲ್ಲ ಸ್ವಾಮಿ. ನನಗೆ ಆವತ್ತಿಂದ ಮತ್ತೆ ಸಿಕ್ಕಿಲ್ಲ. ಅದು ಸಿಕ್ಕ ದಿನ ಕೋಲು ನಿಮ್ಮದೇ. ವಾರಂಟಿ ಅಂದ್ರೆ ವಾರಂಟಿ."

ಚಾಳೀಸಪ್ಪ ಎದ್ದು, ಪ್ಯಾಂಟು ಮಡಚಿ, ಬಲೆ ಹಿಡಿದು ಮೊಣಕಾಲುದ್ದ ನೀರಿಗಿಳಿದ. ಇನ್ನು ಆ ಮೀನು ಬಂದರೇ ಅವನಿಗೂ ಕೋಲು.