ಅತ್ತೆಯ ಹಲ್ಲಿಗೆ ಅತ್ತೆಯದೇ ಹೆಬ್ಬೆರಳು

ನಮ್ಮ ಕಟ್ಟಡದ ಆನ್‌ಲೈನ್ ವೇದಿಕೆಯಲ್ಲಿ ಪ್ರತಿ ಸಂದೇಶದ ಕೆಳಗೂ ಸದಾ ಎದ್ದು ನಿಂತಿರುವ ಮಾನ್ಯ ನೀಲಿ 'ಲೈಕ್' ಹೆಬ್ಬೆರಳು ಅವರೇ,

ಮೊದಲಿಗೆ ಎಲ್ಲರಿಗೂ ಬೇಕಾದ ಸುದ್ದಿ: ಟ್ಯಾಂಕು ಶುಚಿಯಾಗಿದೆ, ನಾಳೆ ಬೆಳಿಗ್ಗೆ ನೀರು ಎಂದಿನಂತೆ ಬರುತ್ತದೆ. ಇನ್ನು ತಮಗೆ ನನ್ನ ವಿನಮ್ರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ದಿನವಿಡೀ ಒತ್ತಿಸಿಕೊಂಡರೂ ತಮ್ಮ ಉಗುರು ಸಹ ಸವೆದಂತಿಲ್ಲ.

ತಮ್ಮ ಉಪಕಾರವನ್ನು ಎಷ್ಟು ಹೊಗಳಿದರೂ ಸಾಲದು. ತಾವು ಬರುವ ಮೊದಲು ಒಂದು ಅಭಿಪ್ರಾಯಕ್ಕೆ ಬರಬೇಕಾದರೆ ಓದಬೇಕಿತ್ತು, ಕೂತು ಯೋಚಿಸಬೇಕಿತ್ತು, ಕೆಲವೊಮ್ಮೆ ಎದುರಿಗಿರುವವರ ಮುಖವನ್ನೂ ನೋಡಬೇಕಿತ್ತು. ಈಗ ಒಂದು ಕೈಯಲ್ಲಿ ಹಾಲಿನ ಪಾತ್ರೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ನೆರೆಯವರನ್ನು ಜಾಗ ಖಾಲಿ ಮಾಡಿಸಬಹುದು.

ಹೋದ ವಾರ ನಡೆದದ್ದು ತಮಗೆ ನೆನಪಿರಬೇಕು. ಟ್ಯಾಂಕು ತೊಳೆಯುವುದರಿಂದ ಮುಂದಿನ ವಾರ ಒಂದು ದಿನ ನೀರು ಬರುವುದಿಲ್ಲ ಎಂದು ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗಳು ಬರೆದು, ಬಕೆಟ್ಟು ತುಂಬಿಟ್ಟುಕೊಳ್ಳುವ ಬಗೆಯನ್ನೂ ವಿವರಿಸಿ, 'ಇನ್ನಷ್ಟು ಓದಿ' ಎಂಬುದರ ಆಚೆಗೆ, ಮೂರನೇ ಮಹಡಿಯ ದಂತವೈದ್ಯೆಯ ರೋಗಿಗಳಿಂದ ಲಿಫ್ಟು ಹಾಳಾಗುತ್ತಿರುವುದರಿಂದ ಆಕೆ ತಿಂಗಳ ಕೊನೆಗೆ ಕ್ಲಿನಿಕ್ ಖಾಲಿ ಮಾಡಬೇಕು, ಒಪ್ಪುವವರು ಹೆಬ್ಬೆರಳು ಒತ್ತಿ ಎಂದು ಸೇರಿಸಿದ್ದರು. ನಮ್ಮಲ್ಲಿಯ ಪದ್ಧತಿ ತಮಗೆ ಗೊತ್ತೇ ಇದೆ: ಇಲ್ಲಿ ತಮ್ಮನ್ನು ಒತ್ತುವುದೆಂದರೆ ಒಪ್ಪಿದೆ ಎಂದಲ್ಲ, ನೋಡಿದೆ ಎಂದು, ಒತ್ತದಿದ್ದರೆ ಮೆಟ್ಟಿಲಲ್ಲಿ ಎದುರಾದಾಗ ಮುಖ ತಿರುಗಿಸಿದಂತೆ. ಹಾಗಾಗಿ ಮೂವತ್ತೊಂದು ಮನೆಗಳು ನೀರು ನಿಲ್ಲುವುದನ್ನು 'ನೋಡಿದವು'. ಕಾರ್ಯದರ್ಶಿಗಳು ನಿರ್ಣಯ ಬಹುಮತದಿಂದ ಅಂಗೀಕಾರವಾಗಿದೆ ಎಂದು ಘೋಷಿಸಿದರು.

ಮೊದಲ ಹೆಬ್ಬೆರಳು ನಮ್ಮ ಅತ್ತೆಯವರದು. ಅವರ ಮೇಲಿನ ಸಾಲಿನ ಹಲ್ಲುಸೆಟ್ಟು ಅದೇ ವೈದ್ಯೆಯ ಮೇಜಿನ ಮೇಲೆ ಅರ್ಧ ತಯಾರಾಗಿ ಕೂತಿದೆ. ಕೇಳಿದರೆ ಬೊಚ್ಚುಬಾಯಲ್ಲೇ, "ಅಯ್ಯೋ, ನೀರಿಲ್ಲ ಅಂತ ಪಾಪ ಅಷ್ಟುದ್ದ ಬರ್ದಿದಾರೆ, ಒತ್ತದೇ ಇದ್ರೆ ಏನಂದ್ಕೋತಾರೆ ಕಣೇ?" ಎಂದರು. ತಮ್ಮ ಹಲ್ಲನ್ನು ತಾವೇ ಇಷ್ಟು ಮರ್ಯಾದೆಯಿಂದ ಕಳೆದುಕೊಂಡವರು ಬೇರಾರೂ ಇರಲಾರರು.

ಇಬ್ಬರೂ ಮೇಲೆ ಹೋದೆವು. ವೈದ್ಯೆ ಬಾಗಿಲಿನ ಬೋರ್ಡನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. "ಒಬ್ರು ಬಂದು ಮುಖದ ಮೇಲೆ ಹೇಳಿದ್ರೆ ಜಗಳಾನಾದ್ರೂ ಆಡ್ತಿದ್ದೆ ಅಮ್ಮಾ, ಬೆರಳುಗಳ ಹತ್ರ ಏನಂತ ಆಡ್ಲಿ?" ಎನ್ನುತ್ತಾ ಅತ್ತೆಯ ಬಾಯಿ ತೆರೆಸಿ ಅಳತೆ ನೋಡಿದರು. ಮೊದಲ ಬೆರಳು ಯಾರದೆಂದು ಅವರಿಗೆ ಗೊತ್ತಿತ್ತು. ಆದರೂ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡರು.

ಕೆಳಗಿಳಿದವಳೇ ವೇದಿಕೆಯಲ್ಲಿ ಉತ್ತರ ಬರೆಯಲು ಕೂತೆ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನು ಕನ್ನಡದ ಒಂದೊಂದು ಒತ್ತಕ್ಷರ ಹುಡುಕುವಷ್ಟರಲ್ಲಿ, ಕಾರ್ಯದರ್ಶಿಗಳಿಗೆಂದು ಆರಿಸಿಟ್ಟಿದ್ದ ಮಾತುಗಳೆಲ್ಲ ಒಂದೊಂದಾಗಿ ತಣ್ಣಗಾದವು. ಅಳಿಸಿದೆ. ಅದು ಸಂಯಮವೋ ಪುಕ್ಕಲುತನವೋ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಯವರೆಗೆ ಅವರನ್ನು ಬಿಟ್ಟು ತಮಗೆ ಬರೆಯುತ್ತಿದ್ದೇನೆ.

ನನ್ನ ಬೇಡಿಕೆಗಳು ಅಲ್ಪ. ಇನ್ನು ಮುಂದೆ ಒತ್ತಿದವರ ಬೆರಳು, ಯಾರ ವಿರುದ್ಧ ಒತ್ತಿದರೋ ಅವರ ಮನೆಯ ಕರೆಗಂಟೆಗೆ ಹೋಗಿ ಅಂಟಿಕೊಳ್ಳಲಿ. ಕೊನೆಯ ಸಾಲು ಓದದವರಿಗೆ ತಾವು ಸಿಮೆಂಟಿನ ಮೂಟೆಯಷ್ಟು ಭಾರವಾಗಿ. ವೈದ್ಯೆ ಇದ್ದಲ್ಲೇ ಇದ್ದು, ಲಿಫ್ಟಿನ ಬಾಗಿಲಲ್ಲಿ ಜನ ಗುಂಪುಗೂಡದಂತೆ ಅವರ ರೋಗಿಗಳು ಸರದಿ ಕಾಯುವ ಬೆಂಚು ನೆಲಮಹಡಿಯಲ್ಲಿ ಕಾರ್ಯದರ್ಶಿಗಳ ಕಾರು ನಿಲ್ಲುವ ನೆರಳಿನ ಜಾಗಕ್ಕೆ ಬರಲಿ, ಒಪ್ಪುವವರು ತಮ್ಮನ್ನು ಒತ್ತಲಿ. ಮತ್ತು ವಾರಕ್ಕೊಮ್ಮೆಯಾದರೂ ತಾವು ಮಡಚಿಕೊಂಡು ಮಲಗಿ.

ತಮ್ಮತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಿರುವ,
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಸೊಸೆ

ವಿ.ಸೂ. (ಆಮೇಲೆ ಸೇರಿಸಿದ್ದು): ಈ ಪತ್ರವನ್ನು ವೇದಿಕೆಯಲ್ಲಿ ಹಾಕಿ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮೂವತ್ತಮೂರು ಹೆಬ್ಬೆರಳು ಬಂದಿವೆ, ಅದರಲ್ಲೊಂದು ಕಾರ್ಯದರ್ಶಿಗಳದು. ಅವರೇ ಹಾಕಿಕೊಟ್ಟ ಪದ್ಧತಿಯಂತೆ ನಿರ್ಣಯ ಬಹುಮತದಿಂದ ಅಂಗೀಕಾರವಾಗಿದೆ. ಬೆಂಚು ಹೊರಲು ಇಬ್ಬರು ಬೇಕು, ಇಲ್ಲಿಯವರೆಗೆ ಓದಿದವರು ಯಾರಾದರೂ ಇದ್ದರೆ ಬನ್ನಿ.